ಹೊಲ ದಾಟಿದವನು

ಇಂಗ್ಲಿಷಿನಲ್ಲಿ ಪ್ರವಾಸಕ್ಕೆ 'ಪೆರಿಗ್ರಿನೇಷನ್' ಎಂಬ ಅಪರೂಪದ ಮಾತೊಂದುಂಟು. ನಾಡಿನಿಂದ ನಾಡಿಗೆ ಅಲೆಯುತ್ತ ಸಾಗುವ ದೀರ್ಘ ಸಂಚಾರವೆಂದು ಅದರ ಅರ್ಥ. ಮೂಲ ಲ್ಯಾಟಿನ್. 'ಪೆರ್' ಎಂದರೆ ದಾಟಿ, 'ಅಗೆರ್' ಎಂದರೆ ಹೊಲ, ನಾಡು. ತನ್ನ ನೆಲವನ್ನು ದಾಟಿ ಬಂದವನೇ 'ಪೆರೆಗ್ರಿನುಸ್'. ರೋಮಿನ ಕಾನೂನಿನಲ್ಲಿ ಅವನು ಸ್ವತಂತ್ರನೇ ಸರಿ, ಆದರೆ ರೋಮಿನ ಪೌರನಲ್ಲ. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲನು ಸಾಮ್ರಾಜ್ಯದ ಬಹುತೇಕ ಸ್ವತಂತ್ರರಿಗೆಲ್ಲ ಪೌರತ್ವವಿತ್ತ ಮೇಲೆ ಆ ಭೇದ ಬಹುಮಟ್ಟಿಗೆ ಅಳಿಯಿತು. ಯಾತ್ರಿಕನೆಂಬ ಅರ್ಥದ 'ಪಿಲ್‌ಗ್ರಿಮ್' ಇದೇ ಪದದ ಸವೆದ ರೂಪ.

'ಅಗೆರ್' ಶಬ್ದಕ್ಕೆ ವೇದದ 'ಅಜ್ರ' ಸೋದರ. ನಮ್ಮ ಪಹಣಿಯ 'ಎಕರೆ'ಯೂ ಇಂಗ್ಲಿಷಿನ ದಾರಿಯಿಂದ ಬಂದ ಅದೇ ಕುಲದ್ದು.

ಈ ಪದವನ್ನು ನೆನೆದಾಗ ಕಾರವಾರ ತಾಲ್ಲೂಕಿನ ತೋಡೂರು ಕಣ್ಮುಂದೆ ಬರುತ್ತದೆ. 1986ರಲ್ಲಿ ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆಗಾಗಿ ಅರಗಾ ಮೊದಲಾದ ಕಡಲಂಚಿನ ಊರುಗಳವರು ಗದ್ದೆ ಮನೆಗಳನ್ನು ಬಿಟ್ಟೆದ್ದರು. ಹಾಗೆ ನೆಲೆ ತಪ್ಪಿದವರಲ್ಲಿ ಹಲವರಿಗೆ ತೋಡೂರಿನ ಪುನರ್ವಸತಿ ಕಾಲೊನಿ ಆಸರೆಯಾಯಿತು. ಅವರು ನಡೆದದ್ದು ಕೆಲವೇ ಮೈಲಿ. ದೀರ್ಘ ಸಂಚಾರವೆಂಬ ನಿಘಂಟಿನ ಅರ್ಥ ಅವರಿಗೆ ಒಪ್ಪದು. ಹೊಲ ದಾಟಿದವನೆಂಬ ಮೂಲಾರ್ಥವಾದರೋ ಅಕ್ಷರಶಃ ಒಪ್ಪುತ್ತದೆ.