ಸೊಪ್ಪಿನ ಮಡಿಗೆ ಯಾವ ನೀರು?



ಬೆಂಗಳೂರಿನ ನಾಗಸಂದ್ರದಲ್ಲಿ ಮಗನ ಮನೆಯಿರುವ ಸದಸ್ಯರೊಬ್ಬರು ನಮ್ಮನ್ನು ಹೀಗೆ ಕೇಳಿದರು: "ಹಿತ್ತಲಿನ ದಂಟು, ಪಾಲಕ್ ಸೊಪ್ಪಿಗೆ ಕೊಳವೆಬಾವಿ ನೀರು ಬಿಡುತ್ತಾರೆ. ಪಕ್ಕದಲ್ಲೇ ಪೀಣ್ಯದ ಕಾರ್ಖಾನೆಗಳಿವೆ. ಸೊಪ್ಪು ತಿನ್ನುವುದು ಮೊಮ್ಮಕ್ಕಳು. ಮಣ್ಣಿಗೆ ಸುಣ್ಣ ಹಾಕಿದರೆ ಸಾಕೇ?"

ಸುಣ್ಣದ ಗುಣ ನಮಗೆ ಹೊಸದಲ್ಲ. ಬರೀ ಮೈಲುತುತ್ತದ ನೀರನ್ನು ಸಿಂಪಡಿಸಿದರೆ ಎಲೆ ಸುಡುತ್ತದೆ. ಸುಣ್ಣ ಸರಿಯಾಗಿ ಬೆರೆಸಿದ ಬೋರ್ಡೋ ದ್ರಾವಣ ಸುಡುವುದಿಲ್ಲ. ತಾಮ್ರ ಅಷ್ಟೇ ಇರುತ್ತದೆ, ಕರಗಿರುವ ಪಾಲು ಮಾತ್ರ ಕಡಿಮೆಯಾಗುತ್ತದೆ. ಭಾರಲೋಹ ಎಷ್ಟಿದೆ ಎಂಬಷ್ಟೇ ಯಾವ ರೂಪದಲ್ಲಿದೆ ಎಂಬುದೂ ಮುಖ್ಯ.

ಕ್ಯಾಡ್ಮಿಯಂ ಹುಳಿ ಮಣ್ಣಿನಲ್ಲಿ ಕರಗಿ ಬೇರಿನ ಮೂಲಕ ಎಲೆಗೆ ಏರುತ್ತದೆ. ಪಾಲಕ್ ಅದನ್ನು ಹೆಚ್ಚಾಗಿ ಹೀರುವ ಸೊಪ್ಪು. ರಸಸಾರವನ್ನು 6.5ರ ಸುಮಾರಿಗೆ ತಂದರೆ ಏರುವುದು ತಗ್ಗುತ್ತದೆ. ಆದರೆ ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಅದರ ಕ್ಲೋರೈಡು ಕ್ಯಾಡ್ಮಿಯಂನ ಜೊತೆಗೂಡಿ ಅದನ್ನು ಮತ್ತೆ ಕರಗಿಸುತ್ತದೆ. ಚರಂಡಿ ನೀರಿನ ಬೇಸಾಯದಲ್ಲಿ ಲೋಹ, ಉಪ್ಪು ಎರಡೂ ಒಟ್ಟಿಗೆ ಬರುವುದೇ ತೊಡಕು.

ಸೀಸ ಬೇರಿನಿಂದ ಏರುವುದು ಅಲ್ಪ. ಬಹುಪಾಲು ಧೂಳು, ಮಣ್ಣಿನ ಸಿಡಿತದಿಂದ ಎಲೆಯ ಮೇಲೆ ಕೂರುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದರೆ ಸಾಕಷ್ಟು ಹೋಗುತ್ತದೆ. ಎಲೆಯ ಒಳಗೆ ಸೇರಿದ ಕ್ಯಾಡ್ಮಿಯಂ ಹೋಗುವುದಿಲ್ಲ. ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋ ಸೊಪ್ಪಿಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿಲಿಗ್ರಾಂ.

ಪೀಣ್ಯದ ವಿಶೇಷ ಚಿಂತೆ ಕ್ರೋಮಿಯಂ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಘಟಕಗಳು ಅಲ್ಲಿ ಬಹಳ. ಅಲ್ಲಿಯ ಅಂತರ್ಜಲದಲ್ಲಿ 'ಹೆಕ್ಸಾವೆಲೆಂಟ್' ಎಂಬ ವಿಷಕಾರಿ ರೂಪದ ಕ್ರೋಮಿಯಂ ಪತ್ತೆಯಾಗಿದೆ. ಇದರ ನಡತೆ ತಿರುವುಮುರುವು. ಸುಣ್ಣ ಹಾಕಿದರೆ ಕುಳಿತುಕೊಳ್ಳುವುದಿಲ್ಲ, ಬದಲಿಗೆ ಇನ್ನೂ ಸಲೀಸಾಗಿ ಹರಿದಾಡುತ್ತದೆ. ಕೊಟ್ಟಿಗೆ ಗೊಬ್ಬರ ಇದನ್ನು ಕಡಿಮೆ ವಿಷದ ರೂಪಕ್ಕೆ ತಿರುಗಿಸಬಲ್ಲದು, ಆದರೆ ದಿನವೂ ಅದೇ ನೀರು ಬಿಡುತ್ತಿದ್ದರೆ ಅದನ್ನು ನಂಬಿ ಕೂರಲಾಗದು. ಕುದಿಸಿದರೂ ಲೋಹ ಹೋಗದು. ನೀರು ತಿಳಿಯಾಗಿದೆಯೆಂದು ಮೋಸಹೋಗಬಾರದು.

ಆದ್ದರಿಂದ ಆ ಸದಸ್ಯರಿಗೆ ನಾವು ಹೇಳಿದ್ದು ಇಷ್ಟು: ಸುಣ್ಣಕ್ಕೆ ಮೊದಲು ನೀರಿನ ಪರೀಕ್ಷೆಯಾಗಲಿ. ಗಡಸುತನದ ಸಾಮಾನ್ಯ ಪರೀಕ್ಷೆಯಲ್ಲಿ ಇವು ಕಾಣುವುದಿಲ್ಲ. ಕ್ರೋಮಿಯಂ, ಕ್ಯಾಡ್ಮಿಯಂ, ಸೀಸ ಎಂದು ಹೆಸರಿಸಿಯೇ ಕೇಳಬೇಕು. ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ ಕ್ರೋಮಿಯಂ 0.1, ಕ್ಯಾಡ್ಮಿಯಂ 0.01 ಮಿಲಿಗ್ರಾಂ. ವರದಿ ಬರುವವರೆಗೆ ಮಡಿಗೆ ಮಳೆನೀರು ಅಥವಾ ಕಾವೇರಿ ನಲ್ಲಿ ನೀರು ಬಿಡಲಿ. ಕ್ರೋಮಿಯಂ ಕಂಡರೆ ಆ ಕೊಳವೆಬಾವಿಯ ನೀರನ್ನು ಸೊಪ್ಪಿಗೂ ಕುಡಿಯಲೂ ಬಳಸುವುದು ಬೇಡ.

— ಕಾರ್ಯದರ್ಶಿ