ಸಂಘದ ಲೆಕ್ಕ ತಾಳೆಯಾಗ್ತಿಲ್ವೇ?

ಮಹಿಳಾ ಸಂಘದ ಚಂದಾ ಲೆಕ್ಕ ಎಕ್ಸೆಲ್‌ನಲ್ಲಿ ಇಡ್ತೀರಾ? ‘ಲಕ್ಷ್ಮಿ’ ಹೆಸರಿನ ಕೊನೆಗೊಂದು ಸ್ಪೇಸ್ ಉಳಿದರೂ ಸಾಕು, ಕಂಪ್ಯೂಟರಿಗೆ ಆಕೆ ಬೇರೆಯೇ ಸದಸ್ಯೆ! ಒಂದೊಂದೇ ತಿದ್ದುತ್ತಾ ಕೂರಬೇಡಿ. ಎಕ್ಸೆಲ್ 2016ರಿಂದೀಚೆಗೆ ‘ಡೇಟಾ’ ಟ್ಯಾಬಿನಲ್ಲೇ ಪವರ್ ಕ್ವೆರಿ ಇದೆ. ಪಟ್ಟಿಯೊಳಗೆ ಕ್ಲಿಕ್ ಮಾಡಿ ‘ಫ್ರಮ್ ಟೇಬಲ್/ರೇಂಜ್’ ಒತ್ತಿ. ತೆರೆದ ಕಿಟಕಿಯಲ್ಲಿ ಹೆಸರಿನ ಕಾಲಂ ಮೇಲೆ ರೈಟ್ ಕ್ಲಿಕ್ ಮಾಡಿ, ‘ಟ್ರಾನ್ಸ್‌ಫಾರ್ಮ್’ನಲ್ಲಿ ‘ಟ್ರಿಮ್’ ಕೊಟ್ಟರೆ ಹಿಂದುಮುಂದಿನ ಸ್ಪೇಸ್ ಮಾಯ. ಮತ್ತೆ ಅಲ್ಲೇ ‘ಅನ್‌ಪಿವಟ್ ಅದರ್ ಕಾಲಮ್ಸ್’ ಅಂದರೆ, ಅಡ್ಡಕ್ಕೆ ಹರಡಿದ ತಿಂಗಳುಗಳೆಲ್ಲ ಸಾಲಾಗಿ ಕೆಳಗಿಳಿಯುತ್ತವೆ.

ಜೋಕೆ, ಖಾಲಿ ಬಿಟ್ಟ ಮನೆಗಳು ಇಲ್ಲಿ ಉದುರಿಹೋಗುತ್ತವೆ. ಅಂದರೆ ದುಡ್ಡು ಕೊಡದವರ ಬಾಕಿಯೇ ಕಾಣಿಸದು! ಮೂಲ ಪಟ್ಟಿಯಲ್ಲಿ ಮೊದಲೇ ಅಲ್ಲಿಗೆ ಸೊನ್ನೆ ತುಂಬಿಡಿ. ‘ಕ್ಲೋಸ್ ಅಂಡ್ ಲೋಡ್’ ಒತ್ತಿದರೆ ಹೊಸ ಹಾಳೆ ಸಿದ್ಧ. ಮೂಲ ಅಂಕಿಗಳು ಇದ್ದ ಹಾಗೇ ಇರುತ್ತವೆ. ಮುಂದಿನ ತಿಂಗಳ ಕಾಲಂ ಸೇರಿಸಿ ‘ರಿಫ್ರೆಶ್ ಆಲ್’ ಒತ್ತಿದರಾಯ್ತು.