ಟೈರಿನ ಅಟ್ಟೆಗೆ ಶರಣು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹೊಲ-ಗೋಮಾಳಗಳಲ್ಲಿ ಓಡಾಡಿದವರಿಗೆ ಜಾಲಿ ಮುಳ್ಳಿನ ಪರಿಚಯ ಮಾಡಿಕೊಡಬೇಕಿಲ್ಲ. ಬಳ್ಳಾರಿ ಜಾಲಿಯ ಮುಳ್ಳಂತೂ ಹವಾಯಿ ಚಪ್ಪಲಿಯನ್ನು ತೂರಿಕೊಂಡು ಪಾದಕ್ಕೇ ಇಳಿಯುತ್ತದೆ. ಬಯಲುಸೀಮೆಯ ಕುರಿಗಾಹಿಗಳೂ ರೈತರೂ ಟೈರ್ ಚಪ್ಪಲಿಯನ್ನು ನೆಚ್ಚಿಕೊಂಡದ್ದು ಇದಕ್ಕೇ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುವುದರಿಂದ ಲಾರಿಗಳು ಸವೆಸಿ ಬಿಟ್ಟ ಟೈರಿಗೂ ಇಲ್ಲಿ ಬರವಿಲ್ಲ. ಮರುಬಳಕೆಯ ಪಾದರಕ್ಷೆ ಎಂದು ದೊಡ್ಡ ಕಂಪನಿಗಳು ಇಂದು ಜಾಹೀರಾತು ಕೊಡುತ್ತಿರುವ ಕೆಲಸವನ್ನು ನಮ್ಮೂರ ಚಪ್ಪಲಿ ಹೊಲಿಯುವವರು ದಶಕಗಳಿಂದ ಮಾಡುತ್ತಲೇ ಬಂದಿದ್ದಾರೆ.

ಈ ಅಟ್ಟೆ ಇಷ್ಟು ಗಟ್ಟಿ ಯಾಕೆ? 1830ರ ದಶಕದಲ್ಲಿ ಅಮೆರಿಕದಲ್ಲಿ ಹಸಿ ರಬ್ಬರಿನ ಬೂಟುಗಳು ಮಾರಾಟಕ್ಕೆ ಬಂದಿದ್ದವು. ಬೇಸಿಗೆಯಲ್ಲಿ ಅವು ಕರಗಿ ಅಂಟಂಟಾಗುತ್ತಿದ್ದವು, ಚಳಿಗಾಲದಲ್ಲಿ ಸೆಟೆದು ಬಿರಿಯುತ್ತಿದ್ದವು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಈ ಎರಡೂ ಕಾಟ ತಪ್ಪುತ್ತದೆಂದು ಕಂಡುಕೊಂಡ. ರಬ್ಬರಿನ ಉದ್ದುದ್ದ ಅಣುಸರಪಳಿಗಳು ಬಿಡಿಬಿಡಿಯಾಗಿದ್ದಾಗ ಒಂದರ ಮೇಲೊಂದು ಜಾರುತ್ತವೆ. ಗಂಧಕದ ಪರಮಾಣುಗಳು ಅವುಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತವೆ. ಆಮೇಲೆ ಎಳೆದರೂ ರಬ್ಬರು ಮೊದಲಿನ ಆಕಾರಕ್ಕೇ ಮರಳುತ್ತದೆ. ಟೈರಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗದಷ್ಟಿರುವ ಇಂಗಾಲದ ಕಪ್ಪು ಪುಡಿ ಸವೆತವನ್ನು ತಡೆಯುತ್ತದೆ, ಬಿಸಿಲಿನ ಅತಿನೇರಳೆ ಕಿರಣವನ್ನೂ ಹೀರಿಕೊಳ್ಳುತ್ತದೆ. ಒಳಗೆ ಪದರಪದರವಾಗಿ ಅಡ್ಡಡ್ಡ ಹಾಸಿದ ನೈಲಾನ್ ದಾರ ಮುಳ್ಳಿಗೆ ದಾರಿ ಕೊಡುವುದಿಲ್ಲ.

ಆದರೆ ಆ ಗಂಧಕದ ಗಂಟೇ ಮರುಬಳಕೆಗೆ ತೊಡಕು. ಪ್ಲಾಸ್ಟಿಕ್ ಕೊಡದಂತೆ ಟೈರನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಲಾಗದು. ಸುಟ್ಟರೆ ಗಂಧಕದ ಡೈಆಕ್ಸೈಡ್, ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಹೊಗೆಯಲ್ಲಿ ಸೇರುತ್ತವೆ. ಗಂಟು ಬಿಡಿಸುವ ರಾಸಾಯನಿಕ ವಿಧಾನಗಳಿವೆ, ಅವಕ್ಕೆ ಶಕ್ತಿಯೂ ಹಣವೂ ಬೇಕು. ಹಾಗಾಗಿ ಕತ್ತರಿಸಿ ಹಾಗೆಯೇ ಬಳಸುವುದು ರಸಾಯನಶಾಸ್ತ್ರ ಒಪ್ಪುವಂಥ ಜಾಣತನ. ಬೇಕಾದದ್ದು ಹರಿತವಾದ ರಂಪಿಗೆ, ಮೊಳೆ, ಒಂದಿಷ್ಟು ನೀರು. ಒಣ ಅಲಗನ್ನು ರಬ್ಬರ್ ಕಚ್ಚಿ ಹಿಡಿಯುತ್ತದೆ; ನೀರು ಸೋಕಿಸಿದರೆ ಘರ್ಷಣೆ ಇಳಿದು ಅಲಗು ಸರಾಗ ಸಾಗುತ್ತದೆ. ಬಾರು ಕಿತ್ತರೆ ಮೊಳೆ ತೆಗೆದು ಬೇರೆಯದನ್ನು ಹಾಕಬಹುದು. ಅಂಟಿನಿಂದ ಕೂಡಿಸಿದ ಇಂದಿನ ಬಹುಪಾಲು ಬೂಟುಗಳಲ್ಲಿ ನೊರೆಯ ಅಟ್ಟೆ, ಬಟ್ಟೆ, ಪ್ಲಾಸ್ಟಿಕ್ ಒಂದಕ್ಕೊಂದು ಬೆಸೆದುಹೋಗಿರುತ್ತವೆ, ಬೇರ್ಪಡಿಸುವುದೇ ಕಷ್ಟ. ಜಗತ್ತು ವರ್ಷಕ್ಕೆ 2,000 ಕೋಟಿಗೂ ಹೆಚ್ಚು ಜೊತೆ ಪಾದರಕ್ಷೆ ತಯಾರಿಸುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ಈ ಬುದ್ಧಿ ನಮ್ಮೊಬ್ಬರದೇ ಅಲ್ಲ. ವಿಯೆಟ್ನಾಂನ ಹೋರಾಟಗಾರರು ಟೈರ್ ಚಪ್ಪಲಿಯಲ್ಲೇ ಕಾಡು ಸುತ್ತಿದರು, ಪೂರ್ವ ಆಫ್ರಿಕದ ಮಸಾಯಿ ದನಗಾಹಿಗಳು ಇಂದಿಗೂ ಮೆಟ್ಟುತ್ತಾರೆ. ಇಥಿಯೋಪಿಯದಲ್ಲಿ 2004ರಲ್ಲಿ ಬೆತ್ಲಹೆಮ್ ತಿಲಾಹುನ್ ಅಲೆಮು ಶುರುಮಾಡಿದ ಸೋಲ್‌ರೆಬೆಲ್ಸ್ ಇದೇ ಅಟ್ಟೆಯ ಪಾದರಕ್ಷೆಗಳನ್ನು ಹೊರದೇಶಗಳಿಗೆ ಮುಟ್ಟಿಸಿತು.

ಟೈರಿನಲ್ಲಿ ದೋಷವೇ ಇಲ್ಲವೆನ್ನಲಾಗದು. ರಸ್ತೆಯಲ್ಲಿ ಸವೆಯುವ ಟೈರಿನ ಒಂದು ರಾಸಾಯನಿಕದಿಂದ ಹುಟ್ಟುವ ವಿಷ ಅಮೆರಿಕದ ಪಶ್ಚಿಮ ಕರಾವಳಿಯ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ನಡಿಗೆಯ ಸವೆತ ಲಾರಿಯ ಸವೆತದ ಮುಂದೆ ಅತ್ಯಲ್ಪ, ಆದ್ದರಿಂದ ಚಪ್ಪಲಿಯ ಪರವಾಗಿಯೇ ನನ್ನ ಮತ. ನಿಜವಾದ ಅಡ್ಡಿ ಬೇರೆ ಕಡೆಯಿಂದ ಬರುತ್ತಿದೆ. ಲಾರಿಗಳು ಉಕ್ಕಿನ ತಂತಿಯ ರೇಡಿಯಲ್ ಟೈರಿಗೆ ಹೊರಳುತ್ತಿವೆ; ಆ ತಂತಿ ರಂಪಿಗೆಗೆ ಬಗ್ಗುವುದಿಲ್ಲ, ಕತ್ತರಿಸಿದರೂ ಚುಚ್ಚುತ್ತದೆ. 2022ರಿಂದ ಹಳೆಯ ಟೈರಿನ ಮರುಬಳಕೆಯ ಹೊಣೆಯನ್ನು ಸರ್ಕಾರ ತಯಾರಕರ ಮೇಲೆ ಹೊರಿಸಿದೆ. ಆ ವ್ಯವಸ್ಥೆಯಲ್ಲಿ ರಸ್ತೆಬದಿಯ ಕುಶಲಕರ್ಮಿಗೂ ಪಾಲಿರಬೇಕು.

ಚಪ್ಪಲಿ ಹೊಲಿಯುತ್ತಿದ್ದ ಹನ್ನೆರಡನೆಯ ಶತಮಾನದ ಹರಳಯ್ಯನನ್ನು ಶರಣನೆಂದು ಕೈಮುಗಿದ ನಾಡು ನಮ್ಮದು. ಚಪ್ಪಲಿ ಹರಿದಾಗ ಎಸೆಯಬೇಡಿ. ಹೊಲಿಯುವವರ ಬಳಿ ಒಯ್ಯಿರಿ, ಚೌಕಾಸಿ ಮಾಡದೆ ಕೂಲಿ ಕೊಟ್ಟು ಒಂದು ನಮಸ್ಕಾರ ಹೇಳಿ ಬನ್ನಿ.